ಹಳೇ ಟಾಕೀಸಿನ ಹಾರ್ನಿಗೆ ಎಂಥಾ ಆಂಪ್ಲಿ? ರೋಣ, ನರಗುಂದ, ಗಜೇಂದ್ರಗಡದ ದನಿಯ ಕತೆ

1/10

ಹೋದ ತಿಂಗಳು ಗಜೇಂದ್ರಗಡದಿಂದ ಈ ಪೇಜಿಗೆ ಒಂದು ಮೆಸೇಜ್ ಬಂತು. ಜೊತೆಗೆ ಮೂರು ಫೋಟೊ. ಮೊದಲನೇ ಸ್ಲೈಡ್ ನೋಡ್ರಿ. ಮುಚ್ಚಿಹೋದ ಒಂದು ಟಾಕೀಸಿನ ಪರದೆಯ ಹಿಂದೆ ಇದ್ದ ಜೋಡಿ ಸ್ಪೀಕರ್. ಕೆಳಗೆ ಎದೆಮಟ್ಟದ ಕಟ್ಟಿಗೆ ಪೆಟ್ಟಿಗೆ, ಅದರೊಳಗೆ 15 ಇಂಚಿನ ಕಾಗದದ ಕೋನ್. ಮೇಲೆ ಜೇನುಹುಟ್ಟಿನ ಹಾಗೆ ಮನೆಮನೆ ಮಾಡಿದ ತಗಡಿನ ಹಾರ್ನ್.

ಬರೆದವರ ಅಜ್ಜ ಅಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದರಂತೆ. ಟಾಕೀಸು ಮುಚ್ಚಿದಾಗ ಬಾಕಿ ಪಗಾರದ ಬದಲು ಕೊಟ್ಟ ಸಾಮಾನು ಇದು. ಇಷ್ಟು ವರ್ಷ ಅಟ್ಟದ ಮೇಲೆ ಜೋಳದ ಚೀಲದ ಮಗ್ಗುಲಿಗೆ ಇತ್ತು. ಅಜ್ಜನಿಗೆ ಈಗ ಎಂಬತ್ತೇಳು. ‘ಅದರಾಗ ಭೀಮಸೇನ ಜೋಶಿಯವರನ್ನ ಒಮ್ಮೆ ಕೇಳಬೇಕು ಅಂತಾನ್ರಿ. ನಮ್ಮ ಡಿಜೆ ದೋಸ್ತ ಸಾವಿರ ವ್ಯಾಟಿಂದು ಆಂಪ್ಲಿ ಕೊಡ್ತೀನಂದಾನ. ಇಷ್ಟು ದೊಡ್ಡ ಸ್ಪೀಕರಿಗೆ ಅಷ್ಟರ ಬೇಕಲ್ರಿ? ಜೋಡಿಸಲೇನ್ರಿ?’

ನಾನು ಬರೆದದ್ದು ಒಂದೇ ಸಾಲು: ಬ್ಯಾಡ. ನಾ ಹೇಳೋತನಕ ಯಾವುದಕ್ಕೂ ಜೋಡಿಸಬ್ಯಾಡ್ರಿ.

ಯಾಕೆ ಅನ್ನೋದು ಒಂದು ಮೆಸೇಜಿನಲ್ಲಿ ಮುಗಿಯುವ ಮಾತಲ್ಲ. ಅದಕ್ಕೇ ಈ ಸರಣಿ. ದೊಡ್ಡ ಸ್ಪೀಕರಿಗೆ ದೊಡ್ಡ ಆಂಪ್ಲಿ ಬೇಕು ಅನ್ನೋದು ಎಲ್ಲರ ಲೆಕ್ಕ. ಈ ಜಾತಿಯ ಸ್ಪೀಕರಿಗೆ ಆ ಲೆಕ್ಕ ಪೂರಾ ತಿರುವು ಮುರುವು. ಅದು ಹ್ಯಾಂಗೆ ಅಂತ ತಿಳಿಯಬೇಕಾದರೆ ಕರೆಂಟಿಗಿಂತ ಹಿಂದಕ್ಕೆ ಹೋಗಬೇಕು. ಹೋಗೋಣು ಬರ್ರಿ.

2/10

ರೋಣ. 1922ರ ಫೆಬ್ರುವರಿ 4. ಮಾಸ್ತರ ಗುರುರಾಜ ಜೋಶಿಯವರ ಮಗ ಭೀಮಸೇನ ಹುಟ್ಟಿದ್ದು ಇಲ್ಲಿ. ಈ ಹುಡುಗ ಭಜನೆ ಮೇಳವೋ ಮೆರವಣಿಗೆಯೋ ಬಂದರೆ ಅದರ ಬೆನ್ನು ಹತ್ತಿ ಹೋಗಿಬಿಡುತ್ತಿದ್ದ, ದಣಿದಲ್ಲೇ ಮಲಗುತ್ತಿದ್ದ. ಹುಡುಕಿ ಹುಡುಕಿ ಸಾಕಾಗಿ ತಂದೆ ಅವನ ಅಂಗಿಯ ಮೇಲೆ ‘ಜೋಶಿ ಮಾಸ್ತರ ಮಗ’ ಅಂತ ಬರೆಸಿದ್ದರು ಅನ್ನೋ ಕತೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ ಕೇಳಿ ತಲೆ ಕೆಟ್ಟು, 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿ ಮನೆ ಬಿಟ್ಟು ಹೋದದ್ದೂ ಗೊತ್ತು. ಊರೂರು ತಿರುಗಿ ಕಡೆಗೆ ಗುರು ಸಿಕ್ಕಿದ್ದು ಇಲ್ಲೇ ಕುಂದಗೋಳದಲ್ಲಿ, ಸವಾಯಿ ಗಂಧರ್ವರು. ಅವರೂ ಅದೇ ಖಾನಸಾಹೇಬರ ಶಿಷ್ಯರು.

ನಾವು ಕೇಳದೇ ಬಿಡುವ ಪ್ರಶ್ನೆ ಬೇರೆ. ಆ ಕಾಲದ ಅಂಗಡಿಯ ಗ್ರಾಮಾಫೋನಿಗೆ ಯಾವ ಆಂಪ್ಲಿ ಇತ್ತು?

ಯಾವುದೂ ಇರಲಿಲ್ಲ.

ಕೀಲಿ ಕೊಟ್ಟ ಸ್ಪ್ರಿಂಗು ತಟ್ಟೆ ತಿರುಗಿಸುತ್ತಿತ್ತು. ಮುಳ್ಳು ಗೀರಿನಲ್ಲಿ ಓಡುವಾಗ ಆಗುವ ನಡುಕ ಒಂದು ಪುಟ್ಟ ಪೊರೆಗೆ ಮುಟ್ಟುತ್ತಿತ್ತು. ಪೊರೆಯ ಮುಂದೆ ಹಾರ್ನ್. ಅಷ್ಟೇ. ಕರೆಂಟಿಲ್ಲ, ವಾಲ್ವಿಲ್ಲ, ವಾಲ್ಯೂಮ್ ಬಟನ್ ಸಹಿತ ಇಲ್ಲ. ಆದರೂ ದನಿ ಅಂಗಡಿ ದಾಟಿ ಬೀದಿಗೆ ಬರುತ್ತಿತ್ತು.

ಇಲ್ಲಿ ಒಂದು ಸೂಕ್ಷ್ಮ ಐತಿ. ಹಾರ್ನ್ ಹೊಸದಾಗಿ ಶಕ್ತಿ ಹುಟ್ಟಿಸೋದಿಲ್ಲ. ಹೊಲದ ಆ ಬದುವಿನಲ್ಲಿರುವವರನ್ನು ಕರೆಯುವಾಗ ನೀವು ಎರಡೂ ಅಂಗೈ ಬಾಯಿಗೆ ಅಡ್ಡ ಹಿಡಿದು ಕೂಗ್ತೀರಲ್ಲ, ಅದೇ ಕೆಲಸ. ಪುಟ್ಟ ಪೊರೆಗೆ ಬಯಲಿನ ಗಾಳಿಯ ಮೇಲೆ ಹಿಡಿತ ಸಿಗೋದಿಲ್ಲ. ಅಲ್ಲಾಡಿದರೂ ಗಾಳಿ ಅತ್ತಿತ್ತ ಜಾರಿಹೋಗ್ತದೆ. ಸಣ್ಣ ಕೊರಳಿನಿಂದ ನಿಧಾನ ಅಗಲವಾಗುವ ಹಾರ್ನ್ ಆ ಹಿಡಿತ ಕೊಡ್ತದೆ. ಇದ್ದಷ್ಟು ಶಕ್ತಿಯನ್ನು ಪೋಲು ಮಾಡದೆ ದನಿ ಮಾಡ್ತದೆ.

ಈ ‘ಪೋಲು ಮಾಡದೆ’ ಅನ್ನೋ ಮಾತು ಹಿಡಿದಿಟ್ಟುಕೊಳ್ರಿ.

3/10

ನಾಟಕ ಕಂಪನಿಗಳ ಮಾತು ಬಿಟ್ಟು ನಮ್ಮ ಭಾಗದ ದನಿಯ ಇತಿಹಾಸ ಹೇಳಲಿಕ್ಕೆ ಬರೋದಿಲ್ಲ. ಗದಗಿನ ಗರುಡ ಸದಾಶಿವರಾಯರು, ಮುಂದೆ ಏಣಗಿ ಬಾಳಪ್ಪನವರು, ಇವರೆಲ್ಲ ಹಾಡಿ ಮಾತಾಡಿ ಬೆಳೆದ ರಂಗಭೂಮಿ ಮೈಕು ಕಾಣದ ರಂಗಭೂಮಿ. ತಗಡಿನ ಥಿಯೇಟರಿನ ಕಟ್ಟಕಡೆಯ ಸಾಲಿನಲ್ಲಿ ಚಾಪೆ ಮೇಲೆ ಕೂತವನಿಗೂ ಕಂದಪದ್ಯದ ಕೊನೆಯ ಅಕ್ಷರ ಮುಟ್ಟಬೇಕು. ಮುಟ್ಟದಿದ್ದರೆ ಸೀಟಿ. ಕಾಲಿನಿಂದ ಒತ್ತುವ ಹಾರ್ಮೋನಿಯಂ ಬಂದದ್ದೂ ಈ ಹೊಟ್ಟೆಪಾಡಿಗೇ: ಎರಡೂ ಕೈ ಸುರಗಳಿಗೆ ಬಿಡುವು, ಗಾಳಿ ಕಾಲಿನಿಂದ, ದನಿ ಜೋರು.

ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿ ಜಾತ್ರೆಗೆ ಹೋದವರಿಗೆ ಹೇಳೋದೇ ಬೇಡ. ರೋಣ, ಗಜೇಂದ್ರಗಡ, ನರಗುಂದದಿಂದ ಗಾಡಿ ಕಟ್ಟಿಕೊಂಡು ಹೋಗುವ ಜಾತ್ರೆ; ಸಾಲು ಹಿಡಿದು ನಾಟಕದ ಥಿಯೇಟರುಗಳು. ಒಂದು ಕಂಪನಿಯ ಹಾರ್ನು ಇನ್ನೊಂದರ ಹಾರ್ನಿನ ಮೇಲೆ ಏರಿ ಕರೆಯುವ ಜಾಗ ಅದು.

ಮೈಕು ಮತ್ತು ಸ್ಪೀಕರ್ ಜೋಡಿ ಹುಟ್ಟಿದ್ದು ದೂರದ ಕ್ಯಾಲಿಫೋರ್ನಿಯಾದಲ್ಲಿ. 1915ರಲ್ಲಿ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡ್‌ಹ್ಯಾಮ್ ಅನ್ನೋ ಇಬ್ಬರು ಅಯಸ್ಕಾಂತದ ನಡುವೆ ತಂತಿ ಸುರುಳಿ ಇಟ್ಟು, ಅದಕ್ಕೆ ಪೊರೆ ಅಂಟಿಸಿ, ಮುಂದೆ ಗ್ರಾಮಾಫೋನಿನ ಹಾರ್ನನ್ನೇ ಕೂಡಿಸಿದರು. ಹೆಸರಿಟ್ಟದ್ದು ಮ್ಯಾಗ್ನಾವಾಕ್ಸ್, ‘ದೊಡ್ಡ ದನಿ’. ಅದೇ ವರ್ಷದ ಕ್ರಿಸ್ಮಸ್ ಮುನ್ನಾದಿನ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಾವಿರಾರು ಜನರಿಗೆ ಅದರ ದನಿ ಕೇಳಿಸಿತು. ನಮ್ಮೂರ ಗುಡಿ ಮೇಲೆ, ಮದುವಿ ಹಂದರದ ಮೇಲೆ ಕಟ್ಟುವ ಹಾರ್ನು ಅದರ ವಂಶದ್ದೇ.

4/10

ಈಗ ಅಜ್ಜನ ಟಾಕೀಸಿಗೆ ಬರೋಣ.

1927ರ ಅಕ್ಟೋಬರ್ 6ಕ್ಕೆ ನ್ಯೂಯಾರ್ಕಿನಲ್ಲಿ ‘ದಿ ಜಾಝ್ ಸಿಂಗರ್’ ತೆರೆಕಂಡಿತು. ಸಿನಿಮಾ ಬಾಯಿ ಬಿಟ್ಟಿತು. ಏಳು ವರ್ಷಕ್ಕೆ, 1934ರ ಮಾರ್ಚ್ 3ಕ್ಕೆ, ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ ಬೆಂಗಳೂರಿನಲ್ಲಿ ಬಂತು. ಅದರ ಚಿತ್ರೀಕರಣ ಆದದ್ದು ನಮಗೆ ಬೆಂಗಳೂರಿಗಿಂತ ಹತ್ತಿರವಿರುವ ಕೊಲ್ಹಾಪುರದಲ್ಲಿ.

ಆಗಿನ ಎಂಜಿನಿಯರರಿಗೆ ಇದ್ದ ತೊಂದರೆ ಒಂದೇ. ಸಾವಿರ ಜನ ಕೂಡುವ ಥಿಯೇಟರ್ ತುಂಬಬೇಕು, ಆದರೆ ಅದಕ್ಕೆ ಬೇಕಾದ ವ್ಯಾಟು ಎಲ್ಲಿಂದ ತರೋದು? ವಾಲ್ವುಗಳು ತುಟ್ಟಿ, ಬಿಸಿ, ಬಾಳಿಕೆ ಕಡಿಮೆ. ಅವುಗಳಿಂದ ಹಿಂಡಿ ಹಿಂಡಿ ತೆಗೆದರೂ ಸಿಗುತ್ತಿದ್ದದ್ದು ಒಂದಂಕಿ, ಹೆಚ್ಚೆಂದರೆ ಹತ್ತಾರು ವ್ಯಾಟ್. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹೆಸರಾಂತ 300ಎ ವಾಲ್ವು 1930ರ ದಶಕದ್ದು. ಅದರ ತಮ್ಮ 300ಬಿ ಇವತ್ತಿಗೂ ಹವ್ಯಾಸಿಗಳ ಬಾಯಲ್ಲಿ ಐತಿ. ಸಣ್ಣ ಥಿಯೇಟರುಗಳಿಗೆಂದೇ ಆ ಕಂಪನಿ ಮಾಡಿದ 91ಎ ಆಂಪ್ಲಿಯಲ್ಲಿ ದನಿ ಹೊರಗೆ ಕಳಿಸುವ ವಾಲ್ವು ಒಂದೇ ಒಂದು 300ಎ. ಕೊಡುತ್ತಿದ್ದದ್ದು ಸುಮಾರು 8 ವ್ಯಾಟ್.

ಹೌದ್ರಿ, ಎಂಟು. ಇವತ್ತು ನಿಮ್ಮ ಆಟೊದ ಹಿಂದಿನ ಡಬ್ಬಾ ಮೇಲೆ ಇದಕ್ಕಿಂತ ಜಾಸ್ತಿ ಬರೆದಿರ್ತಾರೆ.

ಎಂಟು ವ್ಯಾಟಿನಲ್ಲಿ ಥಿಯೇಟರ್ ತುಂಬಬೇಕಾದರೆ ಉಳಿದ ಕೆಲಸ ಪೂರಾ ಸ್ಪೀಕರಿನದು. ಆದ್ದರಿಂದ ದೊಡ್ಡ ಅಯಸ್ಕಾಂತ, ಕಾಗದಕ್ಕಿಂತ ತೆಳುವಾದ ಲೋಹದ ಪೊರೆ, ಕೂದಲೆಳೆಯಷ್ಟು ಜಾಗದಲ್ಲಿ ಆಡುವ ಸುರುಳಿ, ಮುಂದೆ ಹಾರ್ನ್. ಒಂದು ಕಾಳೂ ಚೆಲ್ಲಬಾರದು. ಅಜ್ಜನ ಸ್ಪೀಕರಿನ ದೊಡ್ಡ ಗಾತ್ರ ನೋಡಿ ‘ಇದಕ್ಕೆ ಹಸಿವು ಜಾಸ್ತಿ’ ಅಂದುಕೊಂಡರು ಡಿಜೆ ದೋಸ್ತ. ಖರೆ ಅಂದ್ರ, ಹಸಿವು ಕಡಿಮೆ ಆಗಲಿ ಅಂತಲೇ ಅದನ್ನು ಅಷ್ಟು ದೊಡ್ಡದು ಮಾಡಿದ್ದು.

5/10

ಲೆಕ್ಕ ಇಷ್ಟ ಇಲ್ಲದವರು ಈ ಪೋಸ್ಟ್ ದಾಟಿ ಮುಂದೆ ಹೋಗಬಹುದು. ಆದರೆ ದಾಟಬೇಡಿ ಅಂತ ನನ್ನ ಬಿನ್ನಹ, ಯಾಕಂದರೆ ಇಡೀ ಗುಟ್ಟು ಇಲ್ಲೇ ಐತಿ.

ಸ್ಪೀಕರಿಗೆ ಒಂದು ವ್ಯಾಟ್ ಕೊಟ್ಟು, ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ದನಿ ಬರ್ತದೆ ಅಂತ ಅಳೀತಾರೆ. ಇದಕ್ಕೆ ಸೆನ್ಸಿಟಿವಿಟಿ ಅಂತ ಹೆಸರು. ಇವತ್ತಿನ ಮನೆಯ ಪುಟ್ಟ ಸ್ಪೀಕರುಗಳದು 85ರ ಆಸುಪಾಸು. ಒಳ್ಳೆಯ ಟಾಕೀಸ್ ಹಾರ್ನಿನದು 105ರ ಆಸುಪಾಸು. ಇಪ್ಪತ್ತೇ ಡೆಸಿಬಲ್ ವ್ಯತ್ಯಾಸ ಅಂತ ಹಗುರ ತಿಳೀಬ್ಯಾಡ್ರಿ. ಡೆಸಿಬಲ್ಲಿನಲ್ಲಿ ಪ್ರತಿ ಹತ್ತಕ್ಕೆ ಶಕ್ತಿ ಹತ್ತುಪಟ್ಟು, ಇಪ್ಪತ್ತಕ್ಕೆ ನೂರುಪಟ್ಟು. ಆ ಪುಟ್ಟ ಸ್ಪೀಕರಿಗೆ ನೂರು ವ್ಯಾಟ್ ಸುರಿದು ಬರುವ ದನಿ ಇದಕ್ಕೆ ಒಂದೇ ವ್ಯಾಟಿನಲ್ಲಿ ಬರ್ತದೆ.

ಇನ್ನೊಂದು ರೀತಿ ಹೇಳ್ತೀನಿ. 86 ಡೆಸಿಬಲ್ಲಿನ ಸ್ಪೀಕರು ತಿಂದ ಕರೆಂಟಿನಲ್ಲಿ ದನಿಯಾಗೋದು ನೂರಕ್ಕೆ ಕಾಲು ಪಾಲು, ಶೇಕಡಾ 0.25. ಉಳಿದದ್ದೆಲ್ಲ ಸುರುಳಿ ಬಿಸಿ ಮಾಡೋದಕ್ಕೆ ಹೋಗ್ತದೆ. 104 ಡೆಸಿಬಲ್ಲಿನ ಹಾರ್ನಿನಲ್ಲಿ ಸುಮಾರು ಶೇಕಡಾ 16 ದನಿಯಾಗ್ತದೆ. ಒಂದು ಒಲೆ, ಇನ್ನೊಂದು ಕೊಂಬು.

ಈಗ ಮನೆಗೆ ಬರ್ರಿ. ಮನೆಯ ಪಡಸಾಲೆಯಲ್ಲಿ ಸಂಗೀತ ಕೇಳೋದಕ್ಕೆ ಒಂದು ಮೀಟರಿನಲ್ಲಿ 85 ಡೆಸಿಬಲ್ ಅಂದರೆ ಮನೆಮಂದಿ ‘ಸ್ವಲ್ಪ ಸಣ್ಣ ಮಾಡ್ರಿ’ ಅನ್ನುವಷ್ಟು. ಅದಕ್ಕೆ ಅಜ್ಜನ ಹಾರ್ನಿಗೆ ಬೇಕಾಗೋದು ಒಂದು ವ್ಯಾಟಿನ ನೂರನೇ ಒಂದು ಪಾಲು. 0.01 ವ್ಯಾಟ್!

ಅಂದರೆ ಸಾವಿರ ವ್ಯಾಟಿನ ಆ ಯಂತ್ರ ದಿನವಿಡೀ ಮಾಡೋ ಕೆಲಸ ತನ್ನ ತಾಕತ್ತಿನ ಲಕ್ಷದಲ್ಲಿ ಒಂದು ಪಾಲು. ತಪ್ಪಿ ಯಾರಾದರೂ ಬಟನ್ ತಿರುವಿದರೆ? ಆಗಿನ ಹಾರ್ನ್ ಯೂನಿಟ್ಟುಗಳು ತಾಳೋದು ಹತ್ತಿಪ್ಪತ್ತು, ಬಹಳ ಅಂದರೆ ಮೂವತ್ತು ನಾಲ್ವತ್ತು ವ್ಯಾಟ್. ಕಣ್ಣು ಮಿಟುಕಿಸೋದರೊಳಗೆ ಪೊರೆ ಸುಟ್ಟು ಹೋಗ್ತದೆ. ಅಂಥ ಪೊರೆ ಈಗ ಯಾವ ಅಂಗಡಿಯಲ್ಲೂ ಸುಲಭಕ್ಕೆ ಸಿಗೋದಿಲ್ಲ.

6/10

ಸುಡೋದು ಹ್ಯಾಂಗಿರ್ತದೆ ಅಂತ ನನಗೆ ಗೊತ್ತು. ನಾನೇ ಸುಟ್ಟೀನಿ.

ಕಾಲೇಜು ಸೂಟಿಯಲ್ಲಿ ನರಗುಂದದಲ್ಲಿ ಮೈಕ್‌ಸೆಟ್ಟಿನವರ ಜೊತೆ ಕೆಲಸಕ್ಕೆ ಹೋಗುತ್ತಿದ್ದೆ. ನರಗುಂದ ಭಾಷಣದ ಊರು. 1980ರ ಜುಲೈ 21ಕ್ಕೆ ಮಲಪ್ರಭಾ ಅಚ್ಚುಕಟ್ಟಿನ ರೈತರು ಕರದ ವಿರುದ್ಧ ಎದ್ದದ್ದು, ಗೋಲಿಬಾರ್ ಆದದ್ದು ಇಲ್ಲೇ. ಇವತ್ತಿಗೂ ಆ ದಿನ ಹುತಾತ್ಮ ರೈತರನ್ನು ನೆನೆಯುತ್ತಾರೆ. ಮುಂದೆ 2015ರಿಂದ ಮಹದಾಯಿ ನೀರಿಗಾಗಿ ವರ್ಷಗಟ್ಟಲೆ ವೇದಿಕೆ ಹಾಕಿ ಕೂತದ್ದೂ ಇಲ್ಲೇ. ಬಯಲಿನ ಸಭೆಗೆ ಹಾರ್ನಿಗಿಂತ ಸಾಚಾ ಗೆಳೆಯ ಇಲ್ಲ. ಒಂದು ವ್ಯಾಟಿಗೆ ಮೀಟರಿನಲ್ಲಿ 105 ಡೆಸಿಬಲ್ ಕೊಡುವ ಹಾರ್ನು, ನೂರು ಮೀಟರ್ ಆಚೆ ನಿಂತವನಿಗೂ 65 ಮುಟ್ಟಿಸ್ತದೆ. ಎದುರು ನಿಂತು ಮಾತಾಡಿದಷ್ಟು. ಲೈನ್ ಹೋದರೂ ಚಿಂತಿಲ್ಲ. 12 ವೋಲ್ಟಿನ ಟ್ರ್ಯಾಕ್ಟರ್ ಬ್ಯಾಟರಿ ಇದ್ದರೆ ಸಾಕು, ಸಂಜೆತನಕ ಭಾಷಣ. ಕರೆಂಟ್ ಇಲ್ಲದ ಹಳ್ಳಿಯೊಳಗೆ ಹಾರ್ನು ಉಳಿದದ್ದೇ ಈ ಮಿತವ್ಯಯದಿಂದ.

ಆ ಆಂಪ್ಲಿಗಳ ಹಿಂದೆ ನಾಕೈದು ತಿರುಪು ಇರ್ತಾವೆ: 4 ಓಮ್, 8, 16, ಆಮೇಲೆ 100 ವೋಲ್ಟ್. ಈ ಕಡೆಯದು ದೂರದ ಲೈನಿಗೆ. ಉದ್ದ ವೈರಿನಲ್ಲಿ ಶಕ್ತಿ ಸೋರದಿರಲಿ ಅಂತ ವೋಲ್ಟೇಜ್ ಏರಿಸಿ ಕಳಿಸಿ, ಹಾರ್ನಿನ ಹತ್ತಿರ ಪುಟ್ಟ ಟ್ರಾನ್ಸ್‌ಫಾರ್ಮರ್ ಇಟ್ಟು ಇಳಿಸ್ತಾರೆ. ವಿದ್ಯುತ್ ಮಂಡಳಿ ಮಾಡೋದೇ, ಸಣ್ಣದಾಗಿ. ಟ್ರಾನ್ಸ್‌ಫಾರ್ಮರ್ ಇಲ್ಲದ 16 ಓಮಿನ ಬರೀ ಯೂನಿಟ್ಟನ್ನು ನಾನು ಅವಸರದಲ್ಲಿ 100 ವೋಲ್ಟಿನ ತಿರುಪಿಗೆ ಕಟ್ಟಿದೆ. ಲೆಕ್ಕ ಹಾಕ್ರಿ: ನೂರರ ವರ್ಗ ಭಾಗಿಲೆ ಹದಿನಾರು, 625 ವ್ಯಾಟ್. ಆ ಪುಟ್ಟ ಆಂಪ್ಲಿಗೆ ಅಷ್ಟು ಕೊಡುವ ತಾಕತ್ತು ಇರಲಿಲ್ಲ, ಆದರೆ ಇದ್ದದ್ದನ್ನೆಲ್ಲ ಕೊಟ್ಟಿತು. ‘ಹಲೋ ಮೈಕ್ ಟೆಸ್ಟಿಂಗ್’ನ ‘ಹಲೋ’ ಬಂತು. ಉಳಿದದ್ದು ಬರಲಿಲ್ಲ.

ಮಾಲಕರು ಬೈಯಲಿಲ್ಲ. ಬಿಚ್ಚಿ, ಕಪ್ಪಾದ ಸುರುಳಿ ನನ್ನ ಅಂಗೈ ಮೇಲೆ ಇಟ್ಟರು. ಅದಿನ್ನೂ ನನ್ನ ಹತ್ತಿರ ಐತಿ, ಕೊನೆಯ ಸ್ಲೈಡಿನಲ್ಲಿ ಹಾಕೀನಿ.

7/10

ಹಂಗಾದ್ರ ಆಂಪ್ಲಿ ಆರಿಸೋದು ಹ್ಯಾಂಗೆ? ನನ್ನ ಮಾತು ಇಷ್ಟೇ: ದೊಡ್ಡ ದನಿಯ ಸ್ಪೀಕರಿಗೆ ಆಂಪ್ಲಿ ಆರಿಸುವಾಗ, ಆ ಆಂಪ್ಲಿ ಎಷ್ಟು ಜೋರಾಗಿ ಕೂಗ್ತದೆ ಅಂತ ನೋಡಬೇಡಿ. ಪಿಸುಮಾತು ಹ್ಯಾಂಗೆ ಆಡ್ತದೆ ಅಂತ ನೋಡ್ರಿ.

ಮೊದಲನೇದು, ಸುಮ್ಮನಿರಲಿಕ್ಕೆ ಬರ್ತದೇನು? ಹಾಡೇನೂ ಹಾಕದೇ ಆಂಪ್ಲಿ ಚಾಲೂ ಮಾಡಿದಾಗ ಅದರ ಬಾಯಿಂದ ಒಂದು ಮಿಲಿವೋಲ್ಟಿನಷ್ಟು ಗುಂಯ್, ಸುಂಯ್ ಇದ್ದರೂ ಸಾಮಾನ್ಯ ಸ್ಪೀಕರಿನಲ್ಲಿ ಕೇಳಿಸೋದಿಲ್ಲ. ಅದು 16 ಡೆಸಿಬಲ್ಲಿನ ಸುತ್ತ. ಅದೇ ಒಂದು ಮಿಲಿವೋಲ್ಟ್ ಹಾರ್ನಿನಲ್ಲಿ 36 ಡೆಸಿಬಲ್ ಆಗ್ತದೆ. ರಾತ್ರಿ ಊರು ಮಲಗಿದಾಗ ಚೆನ್ನಾಗಿ ಕೇಳಿಸ್ತದೆ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತ. ಅದನ್ನು ಡಿಸಿ ಮಾಡುವಾಗ ಉಳಿಯುವ ಗುಂಯ್ 100ರದು. ಭೀಮಸೇನರ ತಂಬೂರಿ ಸುರುವಾಗುವ ಮೊದಲೇ ನಿಮ್ಮ ಆಂಪ್ಲಿ ತನ್ನದೊಂದು ತಂಬೂರಿ ಹಿಡಿದು ಕೂತಿರ್ತದೆ, ಅದೂ ಬೇರೆ ಶ್ರುತಿಯಲ್ಲಿ.

ಎರಡನೇದು, ಮೊದಲ ವ್ಯಾಟ್ ಶುದ್ಧ ಐತೇನು? ಬಹಳಷ್ಟು ಟ್ರಾನ್ಸಿಸ್ಟರ್ ಆಂಪ್ಲಿಗಳಲ್ಲಿ ದನಿಯ ಅಲೆಯ ಮೇಲಿನ ಅರ್ಧ ಒಬ್ಬ, ಕೆಳಗಿನ ಅರ್ಧ ಇನ್ನೊಬ್ಬ ಹೊರ್ತಾರೆ. ಹೆಗಲು ಬದಲಿಸುವ ಜಾಗದಲ್ಲಿ ಸಣ್ಣ ಕುಲುಕು. ಪಲ್ಲಕ್ಕಿ ಹೊತ್ತವರಿಗೆ ಇದು ಗೊತ್ತು. ದೊಡ್ಡ ದನಿಯಲ್ಲಿ ಆ ಕುಲುಕು ಮುಚ್ಚಿಹೋಗ್ತದೆ. ನೂರನೇ ಒಂದು ವ್ಯಾಟಿನಲ್ಲಿ ಇಡೀ ಹಾಡೇ ಆ ಕುಲುಕಿನ ಮೇಲೆ ನಡೀತದೆ. ಹಳೇ, ಅಗ್ಗದ ಟ್ರಾನ್ಸಿಸ್ಟರ್ ಸೆಟ್ಟುಗಳನ್ನು ಹಾರ್ನಿಗೆ ಕಟ್ಟಿ ‘ಹಾರ್ನು ಕರ್ಕಶ’ ಅಂತ ಹೆಸರಿಟ್ಟವರು ಬಹಳ ಮಂದಿ. ಹಾರ್ನು ಆಂಪ್ಲಿಯ ತಪ್ಪನ್ನು ಊರಿಗೆಲ್ಲ ಡಂಗುರ ಸಾರಿತ್ತು, ಅಷ್ಟೇ.

ಮೂರನೇದು ಗೇನ್. ಮೊಬೈಲಿಗೆ ಕೂಡಿಸುವ ಡ್ಯಾಕ್‌ನಿಂದ, ಸಿಡಿ ಪ್ಲೇಯರಿನಿಂದ 2 ವೋಲ್ಟ್ ತನಕ ಬರ್ತದೆ. ಸಾಮಾನ್ಯ ಆಂಪ್ಲಿ ಅದನ್ನು ಇಪ್ಪತ್ತುಪಟ್ಟು ಮಾಡ್ತದೆ. ಹಾರ್ನಿಗೆ ಬೇಕಾದದ್ದು ಕಾಲು ವೋಲ್ಟು! ಹಾಗಾಗಿ ವಾಲ್ಯೂಮ್ ಬಟನ್ ಸೊನ್ನೆಯಿಂದ ಅಲ್ಲಾಡಿಸಿದ ಕೂಡಲೇ ಮನೆ ನಡುಗ್ತದೆ. ಬಟನ್ನಿನ ಆ ತಳದ ಜಾಗದಲ್ಲಿ ಎಡ ಬಲ ಎರಡೂ ಸರಿಸಮ ಇರೋದಿಲ್ಲ ಬೇರೆ. ಕಡಿಮೆ ಗೇನಿನ ಆಂಪ್ಲಿ ನೋಡ್ರಿ, ಇಲ್ಲಾ ಮುಂದೆ ಎರಡು ರೆಸಿಸ್ಟರ್ ಹಾಕಿ ದನಿ ಇಳಿಸಿಕೊಳ್ರಿ. ಹತ್ತು ರೂಪಾಯಿ ಕೆಲಸ.

8/10

ನಾಲ್ಕನೇದನ್ನು ಬೇರೆ ಪೋಸ್ಟ್ ಮಾಡೀನಿ, ಯಾಕಂದರೆ ಇದರಲ್ಲಿ ವಾದ ಜಾಸ್ತಿ. ಕಾಮೆಂಟಿನಲ್ಲಿ ಬಂದು ಜಗಳಾಡ್ರಿ, ಸಂತೋಷ.

ಇವತ್ತಿನ ಆಂಪ್ಲಿಗಳು ಸ್ಪೀಕರಿನ ಕೋನನ್ನು ಲಗಾಮು ಹಿಡಿದ ಹಾಗೆ ಬಿಗಿಯಾಗಿ ಹಿಡೀತಾವೆ. ‘ಡ್ಯಾಂಪಿಂಗ್ ಫ್ಯಾಕ್ಟರ್ 200’ ಅಂತ ದೊಡ್ಡಕ್ಷರದಲ್ಲಿ ಬರೆದುಕೊಳ್ತಾವೆ. ಈಗಿನ ಸ್ಪೀಕರಿಗೆ ಅದು ಸರಿ. ಅಜ್ಜನ 15 ಇಂಚಿನ ಕೋನಿಗೆ ಬೆನ್ನಿಗಿರುವ ಅಯಸ್ಕಾಂತವೇ ಬೇಕಾದಷ್ಟು ಲಗಾಮು. ಅದರ ಮೇಲೆ ಆಂಪ್ಲಿಯೂ ಜಗ್ಗಿ ಹಿಡಿದರೆ ಕೆಳಗಿನ ದನಿ, ತಬಲಾದ ಡಗ್ಗಾ, ತೆಳ್ಳಗಾಗ್ತದೆ. ಒಣ ಒಣ. ‘ಹಳೇ ಸ್ಪೀಕರಿಗೆ ಬೇಸ್ ಇಲ್ಲ’ ಅಂತ ಜನ ಬೂಫರ್ ಹುಡುಕಿಕೊಂಡು ಹೋಗ್ತಾರೆ.

ಹಳೇ ವಾಲ್ವು ಆಂಪ್ಲಿಗಳ ಹಿಡಿತ ಸಡಿಲ. ಫೀಡ್‌ಬ್ಯಾಕ್ ಇಲ್ಲದ 300ಬಿ ಥರದ್ದಾದರೆ ಡ್ಯಾಂಪಿಂಗ್ ಫ್ಯಾಕ್ಟರು ಮೂರೋ ನಾಕೋ ಅಷ್ಟೇ. ಆ ಸಡಿಲಿನಲ್ಲಿ ಕೋನಿಗೆ ಉಸಿರು ಸಿಗ್ತದೆ, ಡಗ್ಗಾ ತುಂಬಿಕೊಳ್ತದೆ. ಇದರಲ್ಲಿ ಮಾಯಾಮಂತ್ರ ಇಲ್ಲ. ಸ್ಪೀಕರ್ ಮಾಡಿದವನ ಮೇಜಿನ ಮೇಲೆ ಅಂಥ ಆಂಪ್ಲಿಯೇ ಇತ್ತು, ಅದಕ್ಕೆ ಹೊಂದುವ ಹಾಗೆ ಮಾಡಿದ. 1970ರ ದಶಕದಲ್ಲಿ ಅಮೆರಿಕದ ಟಾಕೀಸುಗಳು ಹೊರಗೆ ಹಾಕಿದ ಹಾರ್ನುಗಳನ್ನು ಜಪಾನಿನ ಹವ್ಯಾಸಿಗಳು ಕೊಂಡು ಒಯ್ದರು. ಅವುಗಳಿಗೆ ಒಂಟಿ ವಾಲ್ವಿನ ಪುಟ್ಟ ಆಂಪ್ಲಿ ಕಟ್ಟಿ ಕೂತು ಕೇಳಿದರು. ಅಮೆರಿಕದವರಿಗೆ ತಮ್ಮದೇ ಸಾಮಾನಿನ ಕಿಮ್ಮತ್ತು ಗೊತ್ತಾದದ್ದು ಆಮೇಲೆ. ನಮ್ಮಲ್ಲಿ ಆ ಹಾರ್ನುಗಳು ಗುಜರಿಗೆ ಕಿಲೋ ಲೆಕ್ಕದಲ್ಲಿ ಹೋದವು. ಈ ಮಾತು ಬರೆಯುವಾಗ ಈಗಲೂ ಸಿಟ್ಟು ಬರ್ತದೆ.

ಟ್ರಾನ್ಸಿಸ್ಟರ್ ಆಂಪ್ಲಿಯೇ ಇದ್ದರೂ ದಾರಿ ಐತಿ. ಕೆಳಗಿನ ಕೋನಿನ ವೈರಿನಲ್ಲಿ ಒಂದೆರಡು ಓಮಿನ, 10 ವ್ಯಾಟಿನ ರೆಸಿಸ್ಟರ್ ಕೂಡಿಸಿ ಕೇಳ್ರಿ. ವ್ಯಾಟು ಸ್ವಲ್ಪ ಪೋಲಾಗ್ತದೆ, ಆಗಲಿ. ನಮಗಿಲ್ಲಿ ವ್ಯಾಟಿನ ಬರ ಇಲ್ಲ.

9/10

ಈಗ ಹೆಸರು ಹೇಳಿ ಅಂತೀರಿ. ಹೇಳ್ತೀನಿ.

300ಬಿ ಆಂಪ್ಲಿ ಚಂದ, ಆದರೆ ಒಳ್ಳೆಯದೊಂದರ ಬೆಲೆಗೆ ಗಜೇಂದ್ರಗಡದ ನೇಕಾರರ ಮನೆಗೆ ಒಂದು ಹೊಸ ಮಗ್ಗ ಬರ್ತದೆ. ಬಿಡ್ರಿ ಅದನ್ನ.

ನನ್ನ ಮೊದಲ ಮತ ಇಎಲ್84 ವಾಲ್ವಿಗೆ. ಫಿಲಿಪ್ಸ್ 1953ರಲ್ಲಿ ತಂದ ಪುಟ್ಟ ವಾಲ್ವು, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಒಂದೇ ವಾಲ್ವಿನಿಂದ 5 ವ್ಯಾಟ್, ಜೋಡಿಯಿಂದ 17ರ ತನಕ. ನಮ್ಮ ಅಜ್ಜಂದಿರ ರೇಡಿಯೋಗಳಲ್ಲಿ ಇದೇ ವಂಶದ ವಾಲ್ವುಗಳು ಉರಿದಾವೆ. 1950ರ ಜನವರಿ 8ಕ್ಕೆ ಧಾರವಾಡ ಆಕಾಶವಾಣಿ ಸುರುವಾದ ಮೇಲೆ ಈ ಭಾಗದ ಎಷ್ಟು ಮನೆಗಳಲ್ಲಿ ಸಂಗೀತ ಅಂದರೆ ಆ ಕೆಂಪು ಬೆಳಕೇ! ಮುಂದೆ ಬೆಂಗಳೂರಿನ ಬಿಇಎಲ್ ಕಾರ್ಖಾನೆಯಲ್ಲೂ ರೇಡಿಯೋ ವಾಲ್ವು ಮಾಡಿದರು. ಹಳೇ ರಿಪೇರಿ ಅಂಗಡಿಗಳ ಡಬ್ಬಿಯಲ್ಲಿ ಬಿಇಎಲ್ ಅಂತ ಅಚ್ಚಿರುವ ವಾಲ್ವು ಸಿಕ್ಕರೆ ತಗೊಂಡು ಇಟ್ಟುಕೊಳ್ರಿ.

ಒಂದು ಎಚ್ಚರ. ವಾಲ್ವು ಆಂಪ್ಲಿಯೊಳಗೆ 300 ವೋಲ್ಟಿಗೂ ಮೇಲೆ ಇರ್ತದೆ, ಸ್ವಿಚ್ ತೆಗೆದ ಮೇಲೂ ಕಪ್ಯಾಸಿಟರಿನಲ್ಲಿ ಕೂತಿರ್ತದೆ. ಗೊತ್ತಿಲ್ಲದವರು ಕೈ ಹಾಕಬಾರದು. ಇನ್ನೊಂದು, ಸ್ಪೀಕರ್ ಜೋಡಿಸದೇ ವಾಲ್ವು ಆಂಪ್ಲಿಗೆ ಹಾಡು ಹಾಕಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗ್ತದೆ. ಟ್ರಾನ್ಸಿಸ್ಟರಿನದು ಉಲ್ಟಾ: ಅದಕ್ಕೆ ವೈರಿಗೆ ವೈರ್ ತಾಗೋದೇ ಭಯ.

ಎರಡನೇ ಮತ, ಕೈಯಲ್ಲಿ ಸೋಲ್ಡರ್ ಹಿಡಿಯೋರಿಗೆ. 1969ರ ಏಪ್ರಿಲಿನಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಜಾನ್ ಲಿನ್ಸ್‌ಲಿ ಹುಡ್ ಅನ್ನೋ ಎಂಜಿನಿಯರ್ 10 ವ್ಯಾಟಿನ ಒಂದು ನಕ್ಷೆ ಕೊಟ್ಟರು. ಒಂದು ಬದಿಗೆ ನಾಲ್ಕೇ ಟ್ರಾನ್ಸಿಸ್ಟರ್. ಕ್ಲಾಸ್ ಎ, ಅಂದರೆ ನಾನು ಹೇಳಿದ ಹೆಗಲು ಬದಲಿಸುವ ಕುಲುಕು ಇದರಲ್ಲಿಲ್ಲ. ಇನ್ವರ್ಟರ್, ಸ್ಟೆಬಿಲೈಜರುಗಳಲ್ಲಿ ಕೂಡುವ 2ಎನ್3055 ಟ್ರಾನ್ಸಿಸ್ಟರಿನಿಂದ ಇದನ್ನು ಎಷ್ಟೋ ಮಂದಿ ಕಟ್ಟಿದ್ದಾರೆ. ನಮ್ಮ ಗದಗಿನ ಅಂಗಡಿಯಲ್ಲೂ ಸಿಗುವ ಸಾಮಾನು. ಒಂದೇ ತೊಡಕು, ಹಾಡಲಿ ಬಿಡಲಿ ಒಂದೊಂದು ಬದಿಗೆ 30 ವ್ಯಾಟಿನಷ್ಟು ಬಿಸಿ ಬಿಡ್ತದೆ. ದೊಡ್ಡ ಹೀಟ್‌ಸಿಂಕ್ ಬೇಕು. ನಮ್ಮ ಬ್ಯಾಸಿಗ್ಯಾಗ ಪಕ್ಕದಲ್ಲಿ ಕೂರಲಿಕ್ಕೆ ಆಗೋದಿಲ್ಲ ಅನ್ನೋದೂ ಖರೆ.

ರೊಕ್ಕ ಪೂರಾ ಕಡಿಮೆ ಇದ್ದರೆ ಇವತ್ತಿನ ಪುಟ್ಟ ಕ್ಲಾಸ್ ಡಿ ಬೋರ್ಡು ಕೂಡ ನಡೀತದೆ. 12 ವೋಲ್ಟಿನ ಬ್ಯಾಟರಿಯಿಂದ ನಡೆಸಿದರೆ ಕರೆಂಟಿನ ಗುಂಯ್ ಇಲ್ಲ. ಇದನ್ನು ಹೇಳಿದರೆ ವಾಲ್ವಿನ ಭಕ್ತರು ನನ್ನ ಪೇಜ್ ಬಿಟ್ಟು ಹೋಗ್ತಾರೆ, ಹೋಗಲಿ. ಸಾವಿರ ವ್ಯಾಟಿನ ಡಿಜೆ ಆಂಪ್ಲಿಗಿಂತ ಅದು ಹಾರ್ನಿಗೆ ಎಷ್ಟೋ ವಾಸಿ.

10/10

ಕಡೆಯ ಪೋಸ್ಟ್, ಗಜೇಂದ್ರಗಡದವರಿಗೇ. ಉಳಿದವರೂ ಕೇಳ್ರಿ.

ಮೊದಲು ಯೂನಿಟ್ಟಿನಿಂದ ಎಷ್ಟು ವೈರ್ ಬಂದಾವೆ ಎಣಿಸ್ರಿ. ಎರಡಿದ್ದರೆ ಸರಿ. ನಾಕಿದ್ದರೆ ಅದು ಕರೆಂಟಿನಿಂದ ಅಯಸ್ಕಾಂತ ಆಗುವ ಬಹಳ ಹಳೇ ಜಾತಿ; ಅದಕ್ಕೆ ಬೇರೆ ಡಿಸಿ ಸಪ್ಲೈ ಬೇಕು, ಆಗ ನನಗೆ ತಿಳಸ್ರಿ. ಮಲ್ಟಿಮೀಟರಿನಲ್ಲಿ ಓಮ್ ನೋಡ್ರಿ. 16 ಓಮಿನ ಯೂನಿಟ್ಟು 10ರಿಂದ 13ರೊಳಗೆ ತೋರಿಸ್ತದೆ. ಮುಟ್ಟಿಸಿದಾಗ ‘ಟಿಕ್’ ಅಂದರೆ ಜೀವ ಐತಿ ಅಂತ ತಿಳೀರಿ. ಏನೂ ತೋರಿಸದಿದ್ದರೆ ಗಾಬರಿ ಬ್ಯಾಡ, ಎಷ್ಟೋ ಸಲ ಹೊರಗಿನ ತಂತಿ ಮಾತ್ರ ಕಡಿದಿರ್ತದೆ.

ಧೂಳು ಒರೆಸ್ರಿ, ಬಿಚ್ಚಬ್ಯಾಡ್ರಿ. ಆ ಕಾಲದ ಅಲ್ನಿಕೋ ಅಯಸ್ಕಾಂತವನ್ನು ಅದರ ಕಬ್ಬಿಣದ ಮನೆಯಿಂದ ತೆಗೆದರೆ ಬಲ ಕಳಕೊಳ್ತದೆ. ಮತ್ತೆ ಕೂಡಿಸಿದರೂ ಬರೋದಿಲ್ಲ.

ಮೇಲಿನ ಹಾರ್ನಿಗೂ ಕೆಳಗಿನ ಕೋನಿಗೂ ನಡುವೆ ಕ್ರಾಸ್‌ಓವರ್ ಡಬ್ಬಿ ಇತ್ತಲ್ಲ, ಅದು ಅಟ್ಟದ ಮೇಲೆ ಹುಡುಕ್ರಿ, ಗುಜರಿ ಅಂತ ಒಗೀಬ್ಯಾಡ್ರಿ. ಸಿಗೋತನಕ ಹಾರ್ನನ್ನು ಬರಿ ವೈರಿನಲ್ಲಿ ಆಂಪ್ಲಿಗೆ ಕಟ್ಟಬ್ಯಾಡ್ರಿ. ನಡುವೆ 10 ಮೈಕ್ರೊಫ್ಯಾರಡಿನ, ಪ್ಲಸ್ ಮೈನಸ್ ಇಲ್ಲದ, 100 ವೋಲ್ಟಿನ ಕಪ್ಯಾಸಿಟರ್ ಇರಲಿ. 16 ಓಮಿಗೆ ಅದು ಸುಮಾರು 1000 ಆವರ್ತದ ಕೆಳಗಿನ ದನಿಯನ್ನು ತಡೀತದೆ. ಆಂಪ್ಲಿ ಕೆಟ್ಟು ಡಿಸಿ ಬಿಟ್ಟರೂ, ಸ್ವಿಚ್ ಹಾಕಿದಾಗ ‘ಧಡ್’ ಅಂದರೂ, ಆ ಹತ್ತಿಪ್ಪತ್ತು ರೂಪಾಯಿಯ ಕಪ್ಯಾಸಿಟರ್ ನಡುವೆ ನಿಂತು ಪೊರೆ ಕಾಯ್ತದೆ. ಆಂಪ್ಲಿ ಯಾವುದೇ ಇರಲಿ, ಜೋಡಿಸೋ ಮೊದಲು ಅದರ ಔಟ್‌ಪುಟ್ಟಿನಲ್ಲಿ ಡಿಸಿ ಅಳೀರಿ. 50 ಮಿಲಿವೋಲ್ಟಿಗಿಂತ ಜಾಸ್ತಿ ಇದ್ದರೆ ವಾಪಸ್ ಕಳಸ್ರಿ.

ಅಟ್ಟದ ಮೇಲೆ ಟಾಕೀಸಿನ ಹಳೇ ವಾಲ್ವು ಆಂಪ್ಲಿಯೂ ಐತಿ ಅಂದ್ರಲ್ಲ, ಅದನ್ನು ನೇರ ಪ್ಲಗ್ಗಿಗೆ ಹಾಕಿದರೆ ಸತ್ತ ಕಪ್ಯಾಸಿಟರುಗಳು ಟ್ರಾನ್ಸ್‌ಫಾರ್ಮರನ್ನೂ ಎಳಕೊಂಡು ಹೋಗ್ತಾವೆ. ರಿಪೇರಿ ಅಂಗಡಿಯವರ ಸೀರೀಸ್ ಬಲ್ಬ್ ಹಂಚಿಕೆ ಗೊತ್ತಲ್ಲ? ಹಳೇ ತಂತಿ ಬಲ್ಬು ಸಾಲಿನಲ್ಲಿ ಕೂಡಿಸಿ ಚಾಲೂ ಮಾಡೋದು. ಬಲ್ಬು ಜೋರು ಉರಿದರೆ ಒಳಗೆ ಶಾರ್ಟ್. ಅನುಭವ ಇದ್ದವರ ಕೈಯಲ್ಲೇ ಮಾಡಸ್ರಿ.

ನಿಮಗೆ ನಾನು ಈ ವಾರ ಐದು ವ್ಯಾಟಿನ ಇಎಲ್84 ಆಂಪ್ಲಿಯೊಂದನ್ನು ಗದಗಿನಿಂದ ಬಸ್ಸಿಗೆ ಹಾಕ್ತೀನಿ. ನನ್ನದೇ, ಎರವಲು. ಅಜ್ಜಗ ಹತ್ತಡಿ ದೂರದಲ್ಲಿ ಕುರ್ಚಿ ಹಾಕ್ರಿ. ಹಾಡು ಹಾಕೋ ಮೊದಲು ಫ್ಯಾನ್ ಬಂದ್ ಮಾಡಿ, ಹಾರ್ನಿನ ಮುಂದೆ ಒಂದು ಮೀಟರಿನಲ್ಲಿ ಕಿವಿ ಇಟ್ಟು ಗುಂಯ್ ಕೇಳಸ್ತದೇನು ನೋಡ್ರಿ. ವಾಲ್ಯೂಮ್ ನಿಧಾನ, ಗಡಿಯಾರದ ಎಂಟು ಗಂಟೆ ದಾಟಿಸಬ್ಯಾಡ್ರಿ.

ಹಾರ್ನ್ ಯೂನಿಟ್ಟಿನ ಬೆನ್ನಿಗೆ ಹಿತ್ತಾಳೆ ಪಟ್ಟಿ ಇದ್ದಂಗೈತಿ, ಎರಡನೇ ಫೋಟೊದಾಗ ಮಸುಕು ಕಾಣಸ್ತದ. ಒದ್ದಿ ಅರಿಬಿಲೆ ಒರೆಸಿ ಇನ್ನೊಂದು ಫೋಟೊ ಕಳಸ್ರಿ. ಓಮ್ ಎಷ್ಟದ ಅಂತ ನೋಡಿ, ಆಂಪ್ಲಿಯ ಯಾವ ತಿರುಪಿಗೆ ಕಟ್ಟೋದು ಹೇಳ್ತೀನಿ.